ಬಂಧನದಲ್ಲಿರುವ ಮಕ್ಕಳು ಎಷ್ಟು ಸುರಕ್ಷಿತ? ಅಮೆರಿಕದ ಸರ್ಕಾರಿ ಸಮೀಕ್ಷೆಗಳನ್ನು ಓದುವ ಬಗೆ

ಅಮೆರಿಕದ ಜುವೆನೈಲ್ ಕೇಂದ್ರಗಳಲ್ಲಿ ಇರುವ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಷ್ಟು ನಡೆಯುತ್ತದೆ ಎಂಬುದನ್ನು ಅಲ್ಲಿನ ಫೆಡರಲ್ ಸರ್ಕಾರ ಮಕ್ಕಳನ್ನೇ ಕೇಳಿ ಮೂರು ಬಾರಿ ಲೆಕ್ಕ ಹಾಕಿದೆ. 2008–09ರಲ್ಲಿ ಶೇ 12.1, 2012ರಲ್ಲಿ ಶೇ 9.5, 2018ರಲ್ಲಿ ಶೇ 7.1. ಈ ಮೂರು ಅಂಕಿಗಳು ಲೇಖನಗಳಲ್ಲಿ, ಭಾಷಣಗಳಲ್ಲಿ, ಸಂಶೋಧನಾ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಎಷ್ಟೋ ಸಲ ಅವುಗಳ ಜೊತೆಗೆ ಬರುವ ವಾಕ್ಯ ತಪ್ಪಾಗಿರುತ್ತದೆ. ‘ಬಂಧನದಲ್ಲಿರುವ ಎಲ್ಲ ಮಕ್ಕಳಲ್ಲಿ’ ಎಂದು ಬರೆಯುತ್ತಾರೆ, ಸಮೀಕ್ಷೆ ಎಲ್ಲ ಮಕ್ಕಳನ್ನು ಕೇಳಿಯೇ ಇಲ್ಲ. ‘ಇಷ್ಟು ಘಟನೆಗಳು ನಡೆದವು’ ಎಂದು ಬರೆಯುತ್ತಾರೆ, ಸಮೀಕ್ಷೆ ಎಣಿಸಿದ್ದು ಮಕ್ಕಳನ್ನು, ಘಟನೆಗಳನ್ನಲ್ಲ. ಯಾರನ್ನು ಕೇಳಿದರು, ಹೇಗೆ ಕೇಳಿದರು, ಎಷ್ಟು ದಿನದ ಅನುಭವವನ್ನು ಕೇಳಿದರು ಎಂಬುದು ಗೊತ್ತಾಗುವ ತನಕ ಶೇಕಡಾವಾರನ್ನು ಎತ್ತಿಕೊಳ್ಳಬಾರದು. ಪತ್ರಕರ್ತರು, ಕಾನೂನು ಮತ್ತು ಸಮಾಜಕಾರ್ಯದ ವಿದ್ಯಾರ್ಥಿಗಳು, ಈ ವರದಿಗಳನ್ನು ಉಲ್ಲೇಖಿಸಬೇಕಾದ ಯಾರೇ ಆಗಲಿ, ಕೆಳಗಿನ ಕ್ರಮದಲ್ಲಿ ಓದಿದರೆ ದಾರಿ ತಪ್ಪುವುದಿಲ್ಲ.

ಕೈಯಲ್ಲಿರುವುದು ಯಾವ ವರದಿ?

ಮೊದಲ ಗೊಂದಲ ಇಲ್ಲೇ ಹುಟ್ಟುತ್ತದೆ. ಒಂದೇ ವಿಷಯದ ಮೇಲೆ ಬೇರೆ ಬೇರೆ ಕಚೇರಿಗಳ ನಾಲ್ಕೈದು ವರದಿಗಳಿವೆ. ಅವುಗಳ ಹೆಸರುಗಳೂ ಒಂದೇ ಥರ ಕೇಳಿಸುತ್ತವೆ.

2003ರ ಸೆಪ್ಟೆಂಬರ್‌ನಲ್ಲಿ ‘ಪ್ರಿಸನ್ ರೇಪ್ ಎಲಿಮಿನೇಷನ್ ಆಕ್ಟ್’ ಜಾರಿಗೆ ಬಂತು. ಇದನ್ನು ಚಿಕ್ಕದಾಗಿ ‘ಪ್ರಿಯಾ’ ಕಾಯ್ದೆ ಎನ್ನುತ್ತಾರೆ. ಬಂಧನ ಕೇಂದ್ರಗಳಲ್ಲಿ ನಡೆಯುವ ಲೈಂಗಿಕ ದೌರ್ಜನ್ಯದ ಅಂಕಿಅಂಶಗಳನ್ನು ಪ್ರತಿವರ್ಷ ಸಂಗ್ರಹಿಸಿ ವಿಶ್ಲೇಷಿಸುವ ಹೊಣೆಯನ್ನು ಈ ಕಾಯ್ದೆ ನ್ಯಾಯ ಇಲಾಖೆಯ ‘ಬ್ಯೂರೋ ಆಫ್ ಜಸ್ಟಿಸ್ ಸ್ಟ್ಯಾಟಿಸ್ಟಿಕ್ಸ್’ಗೆ ವಹಿಸಿತು. ಕನಿಷ್ಠ ಶೇ 10ರಷ್ಟು ಕೇಂದ್ರಗಳು ಸ್ಯಾಂಪಲ್‌ನಲ್ಲಿ ಇರಲೇಬೇಕು ಎಂದೂ ಹೇಳಿತು. ಮಕ್ಕಳನ್ನೇ ನೇರವಾಗಿ ಕೇಳುವ ‘ನ್ಯಾಷನಲ್ ಸರ್ವೆ ಆಫ್ ಯೂತ್ ಇನ್ ಕಸ್ಟಡಿ’ ಹುಟ್ಟಿದ್ದು ಹೀಗೆ. ಮೇಲೆ ಹೇಳಿದ ಮೂರು ಅಂಕಿಗಳೂ ಇದರವೇ. ವರದಿಗಳು ಹೊರಬಂದದ್ದು 2010ರ ಜನವರಿ, 2013ರ ಜೂನ್ ಮತ್ತು 2019ರ ಡಿಸೆಂಬರ್‌ನಲ್ಲಿ. ಸಮೀಕ್ಷೆ ನಡೆದ ವರ್ಷವನ್ನೂ ವರದಿ ಬಂದ ವರ್ಷವನ್ನೂ ಕಲಸಿಕೊಳ್ಳಬೇಡಿ. ‘2013ರ ಅಂಕಿ’ ಎಂದು ಬರೆದಿರುವುದೆಲ್ಲ 2012ರ ಫೆಬ್ರುವರಿಯಿಂದ ಸೆಪ್ಟೆಂಬರ್‌ವರೆಗೆ ಕೇಳಿದ ಮಾತು.

ಅದೇ ಬ್ಯೂರೋದ ಇನ್ನೊಂದು ಸರಣಿ ‘ಸರ್ವೆ ಆಫ್ ಸೆಕ್ಷುಯಲ್ ವಿಕ್ಟಿಮೈಸೇಷನ್’. ಇದರಲ್ಲಿ ಮಕ್ಕಳನ್ನು ಯಾರೂ ಕೇಳುವುದಿಲ್ಲ. ಕೇಂದ್ರದ ಅಧಿಕಾರಿಗಳು ತಮ್ಮ ಕಡತದಲ್ಲಿರುವ ದೂರುಗಳ ಲೆಕ್ಕವನ್ನು ಫಾರಂನಲ್ಲಿ ತುಂಬಿ ಕಳಿಸುತ್ತಾರೆ, ಅಷ್ಟೆ. ಮಗು ಬಾಯಿಬಿಟ್ಟು ಹೇಳಿರಬೇಕು, ಯಾರೋ ಬರೆದುಕೊಂಡಿರಬೇಕು, ಅದು ಮೇಲಿನವರೆಗೆ ಹೋಗಿರಬೇಕು. ಇಷ್ಟೂ ಆದ ಮೇಲೆ ಉಳಿದ ಸಂಖ್ಯೆ ಅದು. ಹಾಗಾಗಿ ಈ ಎರಡು ಸರಣಿಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಹೊಡೆತ, ಬೆದರಿಕೆ, ಕಳವು, ಭಯ ಇವುಗಳ ಬಗ್ಗೆ ತಿಳಿಯಬೇಕಾದರೆ ಬಾಲಾಪರಾಧ ತಡೆ ಕಚೇರಿ 2003ರಲ್ಲಿ ನಡೆಸಿದ ‘ಸರ್ವೆ ಆಫ್ ಯೂತ್ ಇನ್ ರೆಸಿಡೆನ್ಷಿಯಲ್ ಪ್ಲೇಸ್‌ಮೆಂಟ್’ ನೋಡಬೇಕು. 10ರಿಂದ 20 ವರ್ಷದೊಳಗಿನ 7,073 ಮಂದಿ ಅದಕ್ಕೆ ಉತ್ತರಿಸಿದ್ದರು. ಯಾರಾದರೂ ತಮ್ಮ ಮೇಲೆ ಎರಗಬಹುದು ಎಂಬ ಭಯ ಇದೆ ಎಂದವರು ಶೇ 38. ತಮ್ಮ ವಸ್ತು ಕಳುವಾಗಿದೆ ಎಂದವರು ಶೇ 46. ಹಳೆಯದು ನಿಜ, ಆದರೆ ಸುರಕ್ಷತೆ ಎಂದರೆ ಲೈಂಗಿಕ ದೌರ್ಜನ್ಯ ಇಲ್ಲದಿರುವುದು ಮಾತ್ರವಲ್ಲ ಎಂಬುದನ್ನು ನೆನಪಿಸುವ ಸಮೀಕ್ಷೆ ಇದು.

ಇವಲ್ಲದೆ ಅದೇ ಕಚೇರಿಯ ಎರಡು ಗಣತಿಗಳಿವೆ. ಒಂದು ಮಕ್ಕಳ ತಲೆಎಣಿಕೆ, ಇನ್ನೊಂದು ಕೇಂದ್ರಗಳದ್ದು. ಕೇಂದ್ರಗಳ ಗಣತಿಯಲ್ಲಿ ಬಂಧನದಲ್ಲಿ ಸತ್ತ ಮಕ್ಕಳ ಲೆಕ್ಕವೂ ಸಿಗುತ್ತದೆ. ಇವು ಅನುಭವ ಕೇಳುವ ಸಮೀಕ್ಷೆಗಳಲ್ಲ, ಆದರೆ ಮುಂದೆ ಬೇಕಾಗುತ್ತವೆ.

ಯಾರನ್ನು ಕೇಳಲಿಲ್ಲ?

ವರದಿಯ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಇರುವ ‘ವಿಧಾನ’ ಭಾಗವನ್ನು ಮೊದಲು ಓದಿ. ಅಲ್ಲಿ ನೋಡಬೇಕಾದ್ದು ಯಾರನ್ನು ಬಿಟ್ಟಿದ್ದಾರೆ ಎಂಬುದನ್ನು.

ಈ ಸಮೀಕ್ಷೆ ಕೇಳುವುದು ‘ಅಡ್ಜುಡಿಕೇಟೆಡ್’ ಮಕ್ಕಳನ್ನು, ಅಂದರೆ ತಪ್ಪು ಮಾಡಿದ್ದಾರೆಂದು ನ್ಯಾಯಾಲಯ ಆಗಲೇ ತೀರ್ಮಾನಿಸಿ ಕೇಂದ್ರಕ್ಕೆ ಕಳಿಸಿರುವವರನ್ನು. ವಿಚಾರಣೆ ಮುಗಿಯುವ ತನಕ ಕೆಲವು ದಿನ, ಕೆಲವು ವಾರ ಡಿಟೆನ್ಷನ್‌ನಲ್ಲಿ ಇರುವ ಮಕ್ಕಳು ಇದರಲ್ಲಿ ಬರುವುದಿಲ್ಲ. ವರ್ಷವಿಡೀ ಕೇಂದ್ರದ ಬಾಗಿಲು ದಾಟಿ ಒಳಗೆ ಬರುವವರಲ್ಲಿ ಇಂಥ ಮಕ್ಕಳ ಸಂಖ್ಯೆ ತುಂಬಾ ದೊಡ್ಡದು. ಆದ್ದರಿಂದ ‘ಡಿಟೆನ್ಷನ್‌ನಲ್ಲಿರುವ ಮಕ್ಕಳಲ್ಲಿ ಶೇ 7.1’ ಎಂಬ ವಾಕ್ಯ ತಪ್ಪು. ‘ನ್ಯಾಯಾಲಯದ ತೀರ್ಮಾನದ ಮೇಲೆ ಜುವೆನೈಲ್ ಕೇಂದ್ರಗಳಲ್ಲಿದ್ದ ಮಕ್ಕಳಲ್ಲಿ’ ಎನ್ನುವುದು ಸರಿ. ತೀರ ಚಿಕ್ಕ ಕೇಂದ್ರಗಳೂ ಸ್ಯಾಂಪಲ್‌ನಿಂದ ಹೊರಗೆ ಉಳಿಯುತ್ತವೆ. ವಯಸ್ಕರ ಜೈಲಿನಲ್ಲಿ ಇಟ್ಟ 16–17 ವರ್ಷದವರು ಇದರಲ್ಲಿಲ್ಲ, ಅವರನ್ನು 2011–12ರಲ್ಲಿ ಕೈದಿಗಳ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇರಿಸಿಕೊಂಡಿದ್ದರು.

ಒಂದು ದಿನ ಕೇಂದ್ರಕ್ಕೆ ಹೋಗಿ, ಅಂದು ಅಲ್ಲಿರುವ ಮಕ್ಕಳನ್ನು ಕೇಳಿದರೆ ಇನ್ನೊಂದು ಓರೆಯೂ ಸೇರಿಕೊಳ್ಳುತ್ತದೆ. ಇಪ್ಪತ್ತು ಹಾಸಿಗೆಯ ಕೇಂದ್ರವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹತ್ತು ಹಾಸಿಗೆಗಳಲ್ಲಿ ಒಂದು ವರ್ಷಕ್ಕೆಂದು ಬಂದ ಮಕ್ಕಳು, ಉಳಿದ ಹತ್ತರಲ್ಲಿ ಒಂದು ತಿಂಗಳಿಗೆಂದು ಬಂದವರು. ಯಾವತ್ತು ಹೋದರೂ ನಿಮಗೆ ಕಾಣುವುದು ಹತ್ತು ಮತ್ತು ಹತ್ತು. ಆದರೆ ವರ್ಷದ ಕೊನೆಗೆ ಆ ಕೇಂದ್ರದಲ್ಲಿ ಇದ್ದು ಹೋದವರು 130 ಮಂದಿ: ವರ್ಷದವರು 10, ತಿಂಗಳಿನವರು 120. ಆ 120ರಲ್ಲಿ 110 ಮಂದಿಯನ್ನು ಯಾರೂ ಏನೂ ಕೇಳಲಿಲ್ಲ. ಕೇಳಿಸಿಕೊಂಡ ಹತ್ತು ಮಂದಿಯೂ ಸರಾಸರಿ ಹದಿನೈದು ದಿನದ ಅನುಭವವನ್ನಷ್ಟೇ ಹೇಳಬಲ್ಲರು. ದೀರ್ಘಕಾಲ ಇರುವವರ ದನಿ ಹೆಚ್ಚು ಕೇಳಿಸುತ್ತದೆ, ಬಂದು ಹೋಗುವವರದು ಕೇಳಿಸುವುದೇ ಇಲ್ಲ. ಸಮೀಕ್ಷೆಯ ತಪ್ಪು ಇದಲ್ಲ, ಸಮೀಕ್ಷೆಯ ಜಾತಿಯೇ ಅಂಥದ್ದು. ಓದುವವರಿಗೆ ಗೊತ್ತಿರಬೇಕು.

ಪ್ರಶ್ನೆ ಕೇಳಿದ ಬಗೆ

ಮಗು ನಿಜ ಹೇಳುತ್ತದೋ ಇಲ್ಲವೋ ಎಂಬುದು ಪ್ರಶ್ನೆಗಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ಏರ್ಪಾಡಿನ ಮೇಲೆ ನಿಂತಿದೆ. ಈ ಸಮೀಕ್ಷೆಯ ಏರ್ಪಾಡು ಹೀಗಿದೆ. ಕೋಣೆಯಲ್ಲಿ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್, ಮಗುವಿನ ಕಿವಿಗೆ ಹೆಡ್‌ಫೋನ್. ಪ್ರಶ್ನೆ ಪರದೆಯ ಮೇಲೂ ಬರುತ್ತದೆ, ಕಿವಿಯಲ್ಲೂ ಕೇಳಿಸುತ್ತದೆ, ಓದಲು ಬಾರದಿದ್ದರೂ ತೊಂದರೆಯಿಲ್ಲ. ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಆಯ್ದುಕೊಳ್ಳಬಹುದು. ಸಂದರ್ಶಕರು ಕೋಣೆಯಲ್ಲೇ ಇರುತ್ತಾರೆ, ಆದರೆ ಪರದೆ ಅವರಿಗೆ ಕಾಣುವುದಿಲ್ಲ. ಮಗು ಬೆರಳಿಂದ ಉತ್ತರ ಒತ್ತುತ್ತದೆ, ಬಾಯಿಬಿಡಬೇಕಾಗಿಲ್ಲ. ಸಿಬ್ಬಂದಿಯ ಕಣ್ಣಿಗೆ ಬಿದ್ದರೂ ಕಿವಿಗೆ ಬೀಳದ ಜಾಗದಲ್ಲಿ ಈ ಕೆಲಸ ನಡೆಯಬೇಕು.

ಇದರಲ್ಲಿ ಒಂದು ಜಾಣ ಏರ್ಪಾಡಿದೆ. ಸ್ಯಾಂಪಲ್‌ನಲ್ಲಿರುವ ಕೆಲವು ಮಕ್ಕಳಿಗೆ ಲೈಂಗಿಕ ದೌರ್ಜನ್ಯದ ಪ್ರಶ್ನೆಗಳೇ ಬರುವುದಿಲ್ಲ. ಮಾದಕ ವಸ್ತು, ಮದ್ಯ, ಚಿಕಿತ್ಸೆಯ ಬಗೆಗಿನ ಬೇರೆಯೇ ಪ್ರಶ್ನಾವಳಿ ಬರುತ್ತದೆ. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ಕೋಣೆಯಿಂದ ಹೊರಬಂದ ಮಗುವನ್ನು ಸಿಬ್ಬಂದಿಯಾಗಲಿ ಉಳಿದ ಹುಡುಗರಾಗಲಿ ‘ಒಳಗೆ ಏನು ಹೇಳಿ ಬಂದೆ?’ ಎಂದು ನೋಡಿದರೆ, ಆ ಮಗು ಯಾವ ಪ್ರಶ್ನೆಗೆ ಉತ್ತರಿಸಿತು ಎಂಬುದೇ ಅವರಿಗೆ ತಿಳಿಯುವಂತಿಲ್ಲ. 2008–09ರಲ್ಲಿ 10,263 ಮಕ್ಕಳು ಉತ್ತರಿಸಿದ್ದರು, ಅವರಲ್ಲಿ 1,065 ಮಂದಿಗೆ ಬಂದದ್ದು ಈ ಬೇರೆ ಪ್ರಶ್ನಾವಳಿ. ಶೇ 12.1 ಎಂಬ ಅಂಕಿ ನಿಂತಿರುವುದು ಉಳಿದ 9,198 ಮಕ್ಕಳ ಉತ್ತರದ ಮೇಲೆ. ಉಲ್ಲೇಖಿಸುವಾಗ 10,263 ಎಂದು ಬರೆದುಬಿಡುವುದು ಮಾಮೂಲಿ ತಪ್ಪು.

ಗೋಪ್ಯತೆಗೂ ಒಂದು ಮಿತಿ ಇದೆ, ಅದನ್ನು ಮಗುವಿಗೆ ಮೊದಲೇ ತಿಳಿಸುತ್ತಾರೆ. ಪರದೆಯಲ್ಲಿ ಒತ್ತಿದ ಉತ್ತರ ಕೇಂದ್ರಕ್ಕೆ ಹೋಗುವುದಿಲ್ಲ. ಆದರೆ ಸಂದರ್ಶಕರ ಎದುರು ಬಾಯಿಬಿಟ್ಟು ‘ನನಗೆ ಹೀಗಾಯಿತು’ ಎಂದರೆ ಅವರು ಸಂಬಂಧಪಟ್ಟವರಿಗೆ ವರದಿ ಮಾಡಲೇಬೇಕು. ಚಿಕ್ಕವರ ಪರವಾಗಿ ಒಪ್ಪಿಗೆ ಕೊಡುವವರು ಯಾರು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವೆಡೆ ಪೋಷಕರ ಸ್ಥಾನದಲ್ಲಿ ನಿಂತು ಕೇಂದ್ರವೇ ಒಪ್ಪಿಗೆ ಕೊಡುತ್ತದೆ, ಕೆಲವೆಡೆ ತಂದೆ ತಾಯಿಯ ಸಹಿ ಬೇಕು. ಸಹಿ ಬೇಕಾದಲ್ಲಿ ಉತ್ತರದ ಪ್ರಮಾಣ ಬೀಳುತ್ತದೆ, ಯಾಕೆಂದರೆ ಪತ್ರ ಮನೆ ತಲುಪಿ ವಾಪಸ್ ಬರಬೇಕು. ಮನೆಯವರ ಸಂಪರ್ಕವೇ ಇಲ್ಲದ ಮಕ್ಕಳು ಅಲ್ಲೇ ಕಳೆದುಹೋಗುತ್ತಾರೆ. ಇಂಥ ಮಕ್ಕಳೇ ಹೆಚ್ಚು ಅಪಾಯದಲ್ಲಿರಬಹುದು. ಹಾಗಾಗಿ ಕೇಂದ್ರವಾರು ಕೋಷ್ಟಕ ನೋಡುವಾಗ ಉತ್ತರದ ಪ್ರಮಾಣದ ಕಾಲಂ ಮೇಲೆ ಬೆರಳಿಟ್ಟು ಓದಿ.

ಮಕ್ಕಳು ಸುಳ್ಳು ಹೇಳಬಹುದಲ್ಲ ಎಂಬ ಪ್ರಶ್ನೆ ಪ್ರತಿ ಚರ್ಚೆಯಲ್ಲೂ ಏಳುತ್ತದೆ. ತೀರ ಬೇಗ ಮುಗಿಸಿದ, ಒಂದಕ್ಕೊಂದು ಹೊಂದದ, ನಂಬಲಾಗದ ಉತ್ತರಗಳನ್ನು ಹುಡುಕಿ ಪರಿಶೀಲಿಸುವ ಕ್ರಮ ಸಮೀಕ್ಷೆಯಲ್ಲೇ ಇದೆ, ವಿಧಾನ ಭಾಗದಲ್ಲಿ ಅದರ ವಿವರ ಸಿಗುತ್ತದೆ. ಹೇಳದೇ ಉಳಿದವರನ್ನು ಹುಡುಕುವ ಅಂಥ ಜರಡಿ ಮಾತ್ರ ಯಾರ ಬಳಿಯೂ ಇಲ್ಲ.

ಪದಗಳ ಅರ್ಥ

‘ಬಲವಂತವಿಲ್ಲದೆ’ ಎಂಬ ಪದ ಕೋಷ್ಟಕದಲ್ಲಿ ಬರುತ್ತದೆ. 2012ರಲ್ಲಿ ಸಿಬ್ಬಂದಿಯಿಂದ ಆದ ದುರ್ವರ್ತನೆಯಲ್ಲಿ ಬಲವಂತ ಅಥವಾ ಒತ್ತಡ ಇತ್ತು ಎಂದವರು ಶೇ 3.5, ಇರಲಿಲ್ಲ ಎಂದವರು ಶೇ 4.7. ಇದನ್ನು ‘ಒಪ್ಪಿಗೆಯಿಂದ’ ಎಂದು ಅನುವಾದಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. ಕೇಂದ್ರದ ಸಿಬ್ಬಂದಿ ಮತ್ತು ಅವರ ಸುಪರ್ದಿಯಲ್ಲಿರುವ ಮಗುವಿನ ನಡುವೆ ಒಪ್ಪಿಗೆ ಎಂಬುದಕ್ಕೆ ಜಾಗವೇ ಇಲ್ಲ. ಊಟ, ಫೋನ್, ಬಿಡುಗಡೆಯ ಶಿಫಾರಸು ಎಲ್ಲವೂ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರ ‘ಹೂಂ’ಗೆ ಅರ್ಥವಿಲ್ಲ. ವರದಿ ಎರಡನ್ನೂ ದೌರ್ಜನ್ಯ ಎಂದೇ ಎಣಿಸುತ್ತದೆ. ನೀವೂ ಹಾಗೇ ಬರೆಯಿರಿ.

ಇನ್ನೊಂದು ನಿರೀಕ್ಷೆಯೂ ಇಲ್ಲಿ ಬುಡಮೇಲಾಗುತ್ತದೆ. 2008–09ರಲ್ಲಿ ಸಿಬ್ಬಂದಿಯಿಂದ ದೌರ್ಜನ್ಯವಾಯಿತು ಎಂದ ಮಕ್ಕಳಲ್ಲಿ ಶೇ 95ರಷ್ಟು ಮಂದಿ ಅದು ಮಹಿಳಾ ಸಿಬ್ಬಂದಿಯಿಂದ ಆಯಿತು ಎಂದರು. ಬಂಧನದಲ್ಲಿರುವವರಲ್ಲಿ ಹೆಚ್ಚಿನವರು ಹುಡುಗರು ಎಂಬುದನ್ನು ಜೊತೆಗಿಟ್ಟು ಈ ಅಂಕಿಯನ್ನು ಓದಬೇಕು. ಹುಡುಗನಿಗೆ ಆದದ್ದು ದೌರ್ಜನ್ಯವೇ ಅಲ್ಲ ಎನ್ನುವವರ ಮಾತಿಗೆ ವರದಿಯಲ್ಲಿ ಎಳ್ಳಷ್ಟೂ ಆಧಾರವಿಲ್ಲ.

ಅಧಿಕಾರಿಗಳ ಕಡತದ ಸರಣಿಯಲ್ಲಿ ದೂರುಗಳನ್ನು ವಿಂಗಡಿಸಿರುತ್ತಾರೆ: ಸಾಬೀತಾದವು, ಪುರಾವೆ ಸಾಲದೆ ತೀರ್ಮಾನಕ್ಕೆ ಬರಲಾಗದವು, ನಡೆದೇ ಇಲ್ಲ ಎಂದು ನಿರ್ಧರಿಸಿದವು, ತನಿಖೆ ನಡೆಯುತ್ತಿರುವವು. ಎರಡನೆಯದನ್ನು ‘ಸುಳ್ಳು ದೂರು’ ಎಂದು ಬರೆಯುವುದನ್ನು ಕಾಣುತ್ತೇವೆ. ಸುಳ್ಳಿಗೆ ಹತ್ತಿರವಾದದ್ದು ಮೂರನೆಯದು ಮಾತ್ರ. ಎರಡನೆಯದರ ಅರ್ಥ, ಹೌದು ಎನ್ನಲೂ ಇಲ್ಲ ಎನ್ನಲೂ ಸಾಕ್ಷ್ಯ ಸಾಲಲಿಲ್ಲ ಎಂದಷ್ಟೇ.

ಕೂಡಬಾರದ ಅಂಕಿಗಳು

2008–09ರಲ್ಲಿ ಸಹನಿವಾಸಿಗಳಿಂದ ಶೇ 2.6, ಸಿಬ್ಬಂದಿಯಿಂದ ಶೇ 10.3. ಕೂಡಿದರೆ 12.9, ಆದರೆ ಒಟ್ಟು ಅಂಕಿ 12.1. 2012ರಲ್ಲಿ 2.5 ಮತ್ತು 7.7 ಸೇರಿ 10.2, ಒಟ್ಟು ಅಂಕಿ 9.5. 2018ರಲ್ಲಿ 1.9 ಮತ್ತು 5.8 ಸೇರಿ 7.7, ಒಟ್ಟು 7.1. ಎಲ್ಲೂ ಮುದ್ರಣದೋಷವಿಲ್ಲ. ಎರಡೂ ಕಡೆಯಿಂದ ದೌರ್ಜನ್ಯ ಅನುಭವಿಸಿದ ಮಗು ಎರಡೂ ಸಾಲಿನಲ್ಲಿ ಬರುತ್ತದೆ, ಒಟ್ಟಿನಲ್ಲಿ ಒಂದೇ ಸಲ. ಆ ವ್ಯತ್ಯಾಸವೇ ಎರಡನ್ನೂ ಅನುಭವಿಸಿದ ಮಕ್ಕಳ ಪಾಲು, ಸುಮಾರು ಶೇ 0.6ರಿಂದ 0.8.

ಇಲ್ಲಿ ಎಣಿಸಿರುವುದು ತಲೆಗಳನ್ನು. 2012ರಲ್ಲಿ ಸಿಬ್ಬಂದಿಯಿಂದ ದೌರ್ಜನ್ಯವಾಯಿತು ಎಂದವರಲ್ಲಿ 100ಕ್ಕೆ 85ಕ್ಕೂ ಹೆಚ್ಚು ಮಂದಿ ಅದು ಒಂದಕ್ಕಿಂತ ಹೆಚ್ಚು ಸಲ ಆಯಿತು ಎಂದಿದ್ದಾರೆ. ಘಟನೆಗಳ ಸಂಖ್ಯೆ ಮಕ್ಕಳ ಸಂಖ್ಯೆಗಿಂತ ಎಷ್ಟೋ ಪಾಲು ದೊಡ್ಡದು.

ಕೇಂದ್ರವಾರು ಕೋಷ್ಟಕ ಓದುವುದು

ಓದುಗರು ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ. ರಾಷ್ಟ್ರಮಟ್ಟದ ಅಂಕಿಯ ಹಿಂದೆ ಸಾವಿರಾರು ಮಕ್ಕಳಿದ್ದಾರೆ. ಒಂದು ಕೇಂದ್ರದ ಅಂಕಿಯ ಹಿಂದೆ ಹದಿನೈದೋ ಇಪ್ಪತ್ತೋ ಮಕ್ಕಳು ಇರಬಹುದು. ಅದಕ್ಕೇ ಪ್ರತಿ ಕೇಂದ್ರದ ಎದುರು ಶೇಕಡಾವಾರಿನ ಜೊತೆ ಎರಡು ಅಂಚುಗಳನ್ನು ಕೊಟ್ಟಿರುತ್ತಾರೆ, ಕೆಳಗಿನದು ಮತ್ತು ಮೇಲಿನದು. ಇದು ಶೇ 95 ವಿಶ್ವಾಸದ ವ್ಯಾಪ್ತಿ, ಅಂದರೆ ಕೇಂದ್ರದ ನಿಜವಾದ ಪ್ರಮಾಣ ಈ ಎರಡು ಅಂಚುಗಳ ನಡುವೆ ಎಲ್ಲಾದರೂ ಇರಬಹುದು ಎಂಬ ಅಂದಾಜು. ಬ್ಯೂರೋ ಇದಕ್ಕೆ ಬಳಸುವುದು ವಿಲ್ಸನ್ ಸೂತ್ರ, ಯಾಕೆಂದರೆ ಶಾಲೆಯಲ್ಲಿ ಕಲಿಸುವ ಮಾಮೂಲಿ ಸೂತ್ರ ಸಣ್ಣ ಸಂಖ್ಯೆಗೆ ಹಾಕಿದರೆ ಕೆಳಗಿನ ಅಂಚು ಸೊನ್ನೆಗಿಂತ ಕೆಳಗೆ ಹೋಗಿಬಿಡುತ್ತದೆ.

ಕ್ಯಾಲ್ಕುಲೇಟರ್ ಇದ್ದರೆ ನೀವೇ ಲೆಕ್ಕ ಹಾಕಬಹುದು. ಇಪ್ಪತ್ತು ಮಕ್ಕಳು ಉತ್ತರಿಸಿ ಇಬ್ಬರು ‘ಹೌದು’ ಎಂದರು ಎನ್ನಿ.

1. ಹೌದು ಎಂದವರಿಗೆ 1.92 ಕೂಡಿ: 3.92. ಉತ್ತರಿಸಿದವರಿಗೆ 3.84 ಕೂಡಿ: 23.84. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.164. ಇದು ವ್ಯಾಪ್ತಿಯ ನಡುಬಿಂದು.

2. ಹೌದು ಎಂದವರನ್ನು ಇಲ್ಲ ಎಂದವರಿಂದ ಗುಣಿಸಿ (2 × 18 = 36), ಒಟ್ಟು 20ರಿಂದ ಭಾಗಿಸಿ (1.8), 0.96 ಕೂಡಿ (2.76). ಇದರ ವರ್ಗಮೂಲ 1.66. ಅದನ್ನು 1.96ರಿಂದ ಗುಣಿಸಿ 23.84ರಿಂದ ಭಾಗಿಸಿದರೆ 0.137.

3. ನಡುಬಿಂದುವಿನಿಂದ ಇದನ್ನು ಕಳೆಯಿರಿ, ಆಮೇಲೆ ಕೂಡಿ. ಸಿಗುವುದು ಶೇ 2.8ರಿಂದ ಶೇ 30.1.

‘ಶೇ 10’ ಎಂದು ಬರೆದಿರುವ ಆ ಕೇಂದ್ರದ ನಿಜವಾದ ಪ್ರಮಾಣ ರಾಷ್ಟ್ರೀಯ ಸರಾಸರಿಗಿಂತ ತುಂಬಾ ಕಡಿಮೆ ಇದ್ದಿರಬಹುದು, ಅದರ ಮೂರು ಪಟ್ಟೂ ಇದ್ದಿರಬಹುದು. ಇನ್ನು ಹದಿನೈದು ಮಕ್ಕಳು ಉತ್ತರಿಸಿ ಯಾರೂ ಹೌದು ಎನ್ನದ ಕೇಂದ್ರ? ಅದೇ ಸೂತ್ರ ಹಾಕಿದರೆ ಮೇಲಿನ ಅಂಚು ಶೇ 20.4. ‘ಸೊನ್ನೆ ದೌರ್ಜನ್ಯದ ಕೇಂದ್ರ’ ಎಂದು ಪತ್ರಿಕಾ ಹೇಳಿಕೆ ಕೊಡುವ ಮೊದಲು ಈ ಅಂಕಿಯನ್ನು ಒಮ್ಮೆ ನೋಡಬೇಕು.

ನಿಮ್ಮ ಕೈಲೆಕ್ಕವೂ ವರದಿಯ ಅಂಚುಗಳೂ ಪೂರ್ತಿ ಹೊಂದುವುದಿಲ್ಲ. ಇದಕ್ಕೆ ಎರಡು ಕಾರಣ. ಉತ್ತರಿಸದ ಮಕ್ಕಳ ಪಾಲನ್ನು ಸರಿದೂಗಿಸಲು ಪ್ರತಿ ಉತ್ತರಕ್ಕೂ ತೂಕ ಹಾಕಿರುತ್ತಾರೆ, ಅದರಿಂದ ಶೇಕಡಾವಾರೇ ಸ್ವಲ್ಪ ಬದಲಾಗುತ್ತದೆ. ಮತ್ತೆ, ಕೇಂದ್ರದಲ್ಲಿರುವ 22 ಮಕ್ಕಳಲ್ಲಿ 20 ಮಂದಿ ಉತ್ತರಿಸಿದ್ದರೆ ಊಹೆಗೆ ಉಳಿಯುವುದು ಇಬ್ಬರು ಮಾತ್ರ, ಆಗ ವ್ಯಾಪ್ತಿ ಕಿರಿದಾಗುತ್ತದೆ. 60ರಲ್ಲಿ 20 ಮಂದಿ ಉತ್ತರಿಸಿದ್ದರೆ ಅಷ್ಟು ಕಿರಿದಾಗುವುದಿಲ್ಲ.

‘ಹೆಚ್ಚು ಪ್ರಮಾಣದ ಕೇಂದ್ರಗಳು’ ಎಂಬ ಪಟ್ಟಿಯನ್ನು ಬ್ಯೂರೋ ಪ್ರಕಟಿಸುತ್ತದೆ. ಆ ಪಟ್ಟಿಗೆ ಸೇರಲು ಶೇಕಡಾವಾರು ಹೆಚ್ಚಿದ್ದರೆ ಸಾಲದು, ಕೆಳಗಿನ ಅಂಚೇ ಸರಾಸರಿಗಿಂತ ಕನಿಷ್ಠ ಶೇ 35ರಷ್ಟು ಮೇಲಿರಬೇಕು. 2012ರ ಸರಾಸರಿ 9.5, ಹಾಗಾಗಿ ಗೆರೆ ಸುಮಾರು 12.8. ಈಗ ಇಪ್ಪತ್ತರಲ್ಲಿ ಐದು ಮಕ್ಕಳು, ಅಂದರೆ ನಾಲ್ವರಲ್ಲಿ ಒಬ್ಬರು ಹೌದು ಎಂದ ಕೇಂದ್ರವನ್ನು ತೆಗೆದುಕೊಳ್ಳಿ. ಕೈಲೆಕ್ಕದಲ್ಲಿ ಕೆಳಗಿನ ಅಂಚು 11.2. ಗೆರೆ ದಾಟಲಿಲ್ಲ, ಆ ಕೇಂದ್ರ ಪಟ್ಟಿಯಲ್ಲಿಲ್ಲ. ಆರು ಮಕ್ಕಳು ಹೌದು ಎಂದರೆ ಅಂಚು 14.5ಕ್ಕೆ ಏರುತ್ತದೆ, ಕೇಂದ್ರ ಪಟ್ಟಿಗೆ ಬರುತ್ತದೆ. ಒಂದು ಮಗುವಿನ ಉತ್ತರದಷ್ಟೇ ದೂರ. ಆದ್ದರಿಂದ ಪಟ್ಟಿಯಲ್ಲಿರುವ ಕೇಂದ್ರದ ಬಗ್ಗೆ ಚಿಂತಿಸಲು ಗಟ್ಟಿ ಕಾರಣವಿದೆ ಎನ್ನಬಹುದು, ಪಟ್ಟಿಯಲ್ಲಿ ಇಲ್ಲದ ಕೇಂದ್ರ ಸುರಕ್ಷಿತ ಎನ್ನಲು ಬರುವುದಿಲ್ಲ. ಅಧಿಕಾರಿಗಳು ‘ನಮ್ಮ ಹೆಸರು ಪಟ್ಟಿಯಲ್ಲಿಲ್ಲ’ ಎಂದಾಗ ಎಷ್ಟು ಮಕ್ಕಳು ಉತ್ತರಿಸಿದ್ದರು ಎಂಬುದನ್ನು ಕೇಳಿ.

ಕೇಂದ್ರಗಳನ್ನು ಮೇಲಿನಿಂದ ಕೆಳಕ್ಕೆ 1, 2, 3 ಎಂದು ಜೋಡಿಸಿ ಶ್ರೇಯಾಂಕ ಕೊಡಬೇಡಿ. ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದಿರುವ ಕಡೆ ಆ ಜೋಡಣೆಗೆ ಅರ್ಥವಿಲ್ಲ. ಅವಧಿಯೂ ಅಡ್ಡ ಬರುತ್ತದೆ. ಪ್ರಶ್ನೆ ಕಳೆದ 12 ತಿಂಗಳಿಗೆ ಸಂಬಂಧಿಸಿದ್ದು, ಮಗು ಬಂದು 12 ತಿಂಗಳಾಗಿಲ್ಲದಿದ್ದರೆ ಬಂದ ದಿನದಿಂದ ಲೆಕ್ಕ. ಸರಾಸರಿ ಮೂರು ತಿಂಗಳು ಇರಿಸಿಕೊಳ್ಳುವ ಕೇಂದ್ರದ ಶೇ 6 ಮತ್ತು ಹನ್ನೊಂದು ತಿಂಗಳು ಇರಿಸಿಕೊಳ್ಳುವ ಕೇಂದ್ರದ ಶೇ 6 ಒಂದೇ ಅಲ್ಲ. ಮೊದಲನೆಯ ಕಡೆ ದಿನಲೆಕ್ಕದ ಅಪಾಯ ಹೆಚ್ಚು.

ಇಳಿಕೆ ನಿಜವೇ?

12.1, 9.5, 7.1. ಇಳಿದಿದೆ, ನಿಜ. ಆದರೆ ಎಷ್ಟು ಇಳಿದಿದೆ ಎಂದು ಹೇಳುವಾಗ ಯಾವ ಅಂಕಿ ಹಿಡಿಯುತ್ತೀರಿ ಎಂಬುದು ಮುಖ್ಯ. ದೌರ್ಜನ್ಯಕ್ಕೆ ಒಳಗಾದವರು ಮೊದಲ ಸಮೀಕ್ಷೆಯ ಅಂದಾಜಿನಲ್ಲಿ 3,220 ಮಕ್ಕಳು, ಎರಡನೆಯದರಲ್ಲಿ 1,720. ಸಂಖ್ಯೆ ಹಿಡಿದರೆ ಇಳಿಕೆ ಶೇ 47ರ ಹತ್ತಿರ. ಪ್ರಮಾಣ ಹಿಡಿದರೆ 12.1ರಿಂದ 9.5ಕ್ಕೆ, ಅಂದರೆ ಸುಮಾರು ಐದನೇ ಒಂದು ಪಾಲು. ಉಳಿದ ಇಳಿಕೆಗೆ ಕಾರಣ, ಕೇಂದ್ರಗಳಲ್ಲಿದ್ದ ಮಕ್ಕಳೇ ಕಡಿಮೆಯಾದದ್ದು. ಗಣತಿಯಲ್ಲಿ ಇದು ಎದ್ದು ಕಾಣುತ್ತದೆ: 2000ದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ವಸತಿ ಕೇಂದ್ರಗಳಲ್ಲಿದ್ದರು, 2019ಕ್ಕೆ ಆ ಸಂಖ್ಯೆ 37 ಸಾವಿರಕ್ಕಿಂತ ಕೆಳಗೆ ಬಂತು. ಕಡಿಮೆ ಮಕ್ಕಳನ್ನು ಬಂಧಿಸಿದ್ದೂ ಒಳ್ಳೆಯದೇ, ಆದರೆ ಅದು ಕೇಂದ್ರದ ಒಳಗಿನ ಸುರಕ್ಷತೆಯ ಸುದ್ದಿಯಲ್ಲ.

ಮೂರು ಸಮೀಕ್ಷೆಗಳ ಸ್ಯಾಂಪಲ್‌ಗಳೂ ಒಂದೇ ಅಲ್ಲ. ಮೊದಲನೆಯದರಲ್ಲಿ 195 ಕೇಂದ್ರಗಳು, ಎರಡನೆಯದರಲ್ಲಿ 326, ಮೂರನೆಯದರಲ್ಲಿ 327. ಸ್ಥಳೀಯ ಮತ್ತು ಖಾಸಗಿ ಕೇಂದ್ರಗಳ ಪಾಲೂ ಬೇರೆ. ರಾಜ್ಯ ಸರ್ಕಾರಗಳ ಕೇಂದ್ರಗಳನ್ನಷ್ಟೇ ತೆಗೆದುಕೊಂಡರೆ 2008–09ರಿಂದ 2012ಕ್ಕೆ ಪ್ರಮಾಣ 12.6ರಿಂದ 9.9ಕ್ಕೆ ಇಳಿದಿದೆ. ಹೋಲಿಕೆ ಬೇಕಾದರೆ ಈ ಜೋಡಿಯನ್ನೇ ಬಳಸಿ.

ಸರಾಸರಿ ಇಳಿಯುವಾಗ ಯಾರ ಪಾಲಿಗೆ ಇಳಿಯಿತು ಎಂಬುದನ್ನೂ ನೋಡಬೇಕು. 2012ರಲ್ಲಿ ಸಹನಿವಾಸಿಗಳಿಂದ ದೌರ್ಜನ್ಯವಾಯಿತು ಎಂದವರು ಭಿನ್ನಲಿಂಗಾಸಕ್ತ ಮಕ್ಕಳಲ್ಲಿ ಶೇ 1.5, ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಮುಂತಾದ ಗುರುತಿನ ಮಕ್ಕಳಲ್ಲಿ ಶೇ 10.3. ಶೇ 2.5 ಎಂಬ ಸರಾಸರಿಯಲ್ಲಿ ಈ ಏಳು ಪಟ್ಟು ಅಂತರ ಕಾಣುವುದೇ ಇಲ್ಲ.

ಅಂಕಿಯ ಪಕ್ಕದಲ್ಲಿ ಇಟ್ಟು ನೋಡಬೇಕಾದ್ದು

ಸಮೀಕ್ಷೆ ಏನಾಗಿದೆ ಎಂದು ಹೇಳುತ್ತದೆ, ಯಾಕಾಯಿತು ಎಂದು ಹೇಳುವುದಿಲ್ಲ. ಅದಕ್ಕೆ 2012ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಪ್ರಿಯಾ ಮಾನದಂಡಗಳ ಆಡಿಟ್ ವರದಿಯನ್ನು ಹುಡುಕಿ. ಪ್ರತಿ ಕೇಂದ್ರವನ್ನೂ ಮೂರು ವರ್ಷಕ್ಕೊಮ್ಮೆಯಾದರೂ ಆಡಿಟ್ ಮಾಡಬೇಕು. ಅದರಲ್ಲಿ ಎಚ್ಚರವಿಟ್ಟು ನೋಡಬೇಕಾದ್ದು ಕೆಲವೇ ಕೆಲವು. ಬೀಗ ಹಾಕಿದ ಕೇಂದ್ರದಲ್ಲಿ ಮಕ್ಕಳು ಎದ್ದಿರುವ ಹೊತ್ತಿನಲ್ಲಿ ಎಂಟು ಮಕ್ಕಳಿಗೆ ಒಬ್ಬರು, ಮಲಗಿರುವಾಗ ಹದಿನಾರಕ್ಕೆ ಒಬ್ಬರು ಸಿಬ್ಬಂದಿ ಇದ್ದಾರೆಯೇ? ಮಗು ಬಂದ 72 ಗಂಟೆಯೊಳಗೆ ಅಪಾಯದ ತಪಾಸಣೆ ಆಗುತ್ತದೆಯೇ? ಮೇಲಧಿಕಾರಿಗಳು ರಾತ್ರಿ ಪಾಳಿಯಲ್ಲೂ ಹೇಳದೆ ಕೇಳದೆ ಸುತ್ತು ಹಾಕುತ್ತಾರೆಯೇ? ದೂರು ಕೊಟ್ಟ ಮಗುವಿನ ಮೇಲೆ ಯಾರೂ ಸೇಡು ತೀರಿಸಿಕೊಳ್ಳದಂತೆ ಕನಿಷ್ಠ 90 ದಿನ ಕಣ್ಣಿಡುತ್ತಾರೆಯೇ?

ಆಡಿಟ್‌ನಲ್ಲಿ ‘ಪಾಲನೆ ಆಗಿದೆ’ ಎಂದಿದ್ದು, ಸಮೀಕ್ಷೆಯಲ್ಲಿ ಮಕ್ಕಳು ಬೇರೆಯೇ ಹೇಳುತ್ತಿದ್ದರೆ, ಮಕ್ಕಳ ಮಾತಿನಿಂದ ಶುರುಮಾಡಿ ಕೇಳಿ. ಆಡಿಟ್ ತಂಡ ಬರುವ ದಿನ ಮೊದಲೇ ಗೊತ್ತಿರುತ್ತದೆ. ಕಡತದ ಸರಣಿಯಲ್ಲಿ ದೂರುಗಳೇ ಇಲ್ಲದ ಕೇಂದ್ರದಲ್ಲಿ ಸಮೀಕ್ಷೆಯ ಅಂಕಿ ಮೇಲಿದ್ದರೆ, ಮಕ್ಕಳಿಗೆ ದೂರು ಪೆಟ್ಟಿಗೆಯ ಮೇಲೆ ನಂಬಿಕೆ ಇಲ್ಲ ಎಂದು ಓದಬೇಕು. ದೂರುಗಳು ಹೆಚ್ಚಿದ್ದು ಸಮೀಕ್ಷೆಯ ಅಂಕಿ ಕೆಳಗಿರುವ ಕೇಂದ್ರ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಅಲ್ಲಿ ಮಕ್ಕಳು ಹೇಳುತ್ತಿದ್ದಾರೆ, ಯಾರೋ ಬರೆದುಕೊಳ್ಳುತ್ತಿದ್ದಾರೆ.

ಬರೆಯುವಾಗ

ವಾಕ್ಯದಲ್ಲಿ ಐದು ಸಂಗತಿಗಳು ಇರಲೇಬೇಕು: ಸಮೀಕ್ಷೆಯ ವರ್ಷ, ಯಾವ ಮಕ್ಕಳು, ಎಷ್ಟು ಅವಧಿ, ಯಾರಿಂದ, ಮತ್ತು ಇದು ಮಕ್ಕಳು ತಾವೇ ಹೇಳಿದ್ದು ಎಂಬ ಮಾತು. ಉದಾಹರಣೆಗೆ: ‘2018ರಲ್ಲಿ, ನ್ಯಾಯಾಲಯದ ತೀರ್ಮಾನದ ಮೇಲೆ ಜುವೆನೈಲ್ ಕೇಂದ್ರಗಳಲ್ಲಿದ್ದ ಮಕ್ಕಳಲ್ಲಿ ಅಂದಾಜು ಶೇ 5.8ರಷ್ಟು ಮಂದಿ, ಹಿಂದಿನ 12 ತಿಂಗಳಲ್ಲಿ ಅಥವಾ ಕೇಂದ್ರಕ್ಕೆ ಬಂದಾಗಿನಿಂದ, ಸಿಬ್ಬಂದಿಯಿಂದ ಲೈಂಗಿಕ ದೌರ್ಜನ್ಯ ಆಯಿತು ಎಂದು ಸಮೀಕ್ಷೆಯಲ್ಲಿ ತಿಳಿಸಿದರು.’ ಉದ್ದವಾಯಿತು ಎನಿಸಿದರೆ ಎರಡು ವಾಕ್ಯ ಮಾಡಿ, ಯಾವುದನ್ನೂ ಬಿಡಬೇಡಿ.

ಮೂಲ ದತ್ತಾಂಶವೇ ಬೇಕೆನ್ನುವವರು ಮಿಚಿಗನ್ ವಿಶ್ವವಿದ್ಯಾಲಯದಲ್ಲಿರುವ ಅಪರಾಧ ದತ್ತಾಂಶ ಭಂಡಾರಕ್ಕೆ ಅರ್ಜಿ ಹಾಕಬೇಕು, ಯಾರಿಗೂ ಸುಮ್ಮನೆ ಕೊಡುವುದಿಲ್ಲ. ಆ ಬಿಗಿಗೆ ಅರ್ಥವಿದೆ. ಚಿಕ್ಕ ಕೇಂದ್ರವೊಂದರ ಹೆಸರು ಹೇಳಿ, ‘14 ವರ್ಷದ ಒಬ್ಬ ಹುಡುಗಿ’ ಎಂದು ಬರೆದರೆ ಸಾಕು, ಅಲ್ಲಿನ ಸಿಬ್ಬಂದಿಗೆ ಆ ಹುಡುಗಿ ಯಾರೆಂದು ಗೊತ್ತಾಗುತ್ತದೆ. ಕೇಂದ್ರದ ಹೆಸರು ಬರೆಯುವಲ್ಲಿ ವಯಸ್ಸು, ಜನಾಂಗ, ಬಂದ ತಿಂಗಳು ಇವುಗಳನ್ನು ಬಿಡಿ. ವಿವರ ಬರೆಯಲೇಬೇಕಾದಲ್ಲಿ ಕೇಂದ್ರದ ಹೆಸರನ್ನು ಬಿಡಿ. ಲೇಖನ ಅಚ್ಚಾದ ಮರುದಿನವೂ ಆ ಮಗು ಅದೇ ಕೇಂದ್ರದಲ್ಲಿ, ಅದೇ ಸಿಬ್ಬಂದಿಯ ಪಾಳಿಯಲ್ಲಿ ಇರುತ್ತದೆ.